ಕಾಗದದ ಹಿಂಬದಿ

ಬಾಲಕಿಯರ ಹಾಸ್ಟೆಲ್, ಔರಾದ
೧೨ ಜನವರಿ ೨೦೨೫, ಭಾನುವಾರ

ಪಪ್ಪಾ ಅವರಿಗೆ ವಿಶಾಖಾಳ ಸಪ್ರೇಮ ಜೈ ಭೀಮ್.

ನಿನ್ನೆ ಸಂಜೆ ಗೋರಖನಾಥ ಕಾಕಾ ಬಸ್ ನಿಲ್ಲಿಸಿ ಹಾಸ್ಟೆಲ್ ಗೇಟಿಗೆ ಬಂದಿದ್ದರು. ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. "ನಿಮ್ಮವ್ವ ಕೊಟ್ಟಾಳ" ಅಂದರು. ಡಬ್ಬಿಯ ಮುಚ್ಚಳದ ಮೇಲೆ ಕಾಕಾರ ಮನೆಯವರ ಹೆಸರು ಕೊರೆದಿತ್ತು. ಅಂದರೆ ಅವ್ವ ಮನೆಯಲ್ಲಿ ಒಲೆ ಹಚ್ಚಿಲ್ಲ, ಅವ್ವ ಮನೆಯಲ್ಲೇ ಇಲ್ಲ. ಹೌದೋ ಅಲ್ಲವೋ?

"ಪಪ್ಪಾ ಹ್ಯಾಂಗ್ ಹಾರ್ರಿ ಕಾಕಾ?"

"ಛಲೋ ಹಾನವ್ವ. ಸ್ವಲ್ಪ ಗಾಳಿ ಕಮ್ಮಿ ಬೀಳ್ತದ, ಅಷ್ಟೆ."

"ಯಾವ ವಾರ್ಡಿನಾಗ ಹಾರ್ರಿ?"

"ಅದ ಅಲ್ಲಾ... ಮ್ಯಾಲಿನ ವಾರ್ಡ್."

ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ, ಕಾಕಾ ಓಡಿದರು. ನಿಮ್ಮ ಜೊತೆ ಇಪ್ಪತ್ತು ವರ್ಷ ಅದೇ ರೂಟಿನಲ್ಲಿ ಕಂಡಕ್ಟರ್ ಆಗಿರುವವರು ಹಾರ್ನ್ ಕೇಳಿ ಓಡಿದ್ದನ್ನು ನಾನು ಇದೇ ಮೊದಲು ನೋಡಿದ್ದು.

ನಮ್ಮ ಫೋನುಗಳನ್ನು ಪರೀಕ್ಷೆ ಮುಗಿಯುವವರೆಗೆ ವಾರ್ಡನ್ ಮೇಡಂ ಇಟ್ಟುಕೊಂಡಿದ್ದಾರೆ. ಭಾನುವಾರ ಮಾತ್ರ ಒಂದು ತಾಸು ಕೊಡುತ್ತಾರೆ. ಇವತ್ತು ಅವ್ವನಿಗೆ ಹಚ್ಚಿದೆ. ಅವಳ ಹಿಂದೆ ಏನೋ ಟಿಂವ್ ಟಿಂವ್ ಅಂತ ಕೂಗುತ್ತಿತ್ತು. ಏನದು ಅಂತ ಕೇಳಿದೆ. "ಆಟೊ ಹಿಂದ ಬರಾಕತ್ತದ" ಅಂದಳು. ಹತ್ತು ನಿಮಿಷ ಮಾತಾಡಿದೆವು ಪಪ್ಪಾ. ಹತ್ತು ನಿಮಿಷವೂ ಆ ಆಟೊ ಹಿಂದೆಯೇ ಬರುತ್ತಿತ್ತು.

ನಾನು ಸಣ್ಣವಳಲ್ಲ. ಕುತ್ತಿಗೆಯ ಗಂಟಿನ ತುಣುಕು ಭಾಲ್ಕಿಯಲ್ಲಿ ತೆಗೆದಾಗ ಆ ಕಾಗದ ಓದಿ ಹೇಳಿದವಳು ನಾನು. ಹೈದರಾಬಾದಿನಲ್ಲಿ ಆರು ಸಲ ಕೀಮೋ ಸಲೈನ್ ಹಚ್ಚಿದರು, ಗಂಟು ಕರಗಿತು, ಇನ್ನು ಬರೀ ಕೆಮ್ಮು ಅಂದಿರಿ. ಕೆಮ್ಮಿಗೆ ಮೇಲಿನ ವಾರ್ಡ್ ಯಾಕೆ?

ನಾಳೆಯಿಂದ ಪರೀಕ್ಷೆ. ಖರೇ ಏನಿದೆ ಅದನ್ನೇ ಬರೆಯಿರಿ. ಇಲ್ಲದಿದ್ದರೆ ಬಾಟನಿ ಪೇಪರಿನಲ್ಲೂ ಆಟೊ ಸದ್ದೇ ಕೇಳುತ್ತದೆ.

ನಿಮ್ಮ ಮಗಳು,
ವಿಶಾಖಾ


ದವಾಖಾನಿ, ಬೀದರ
೧೪ ಜನವರಿ

ಬೇಟಾ ವಿಶಾಖಾ, ಜೈ ಭೀಮ್.

ಬಾಯಿ ಮ್ಯಾಲ ಮಾಸ್ಕ್ ಬಿಗದಾರ. ಮಶೀನ್ ಜೋರ ಗಾಳಿ ಹೊಡೀತದ, ಮಾತಾಡಾಕ ಬರಂಗಿಲ್ಲ. ಕೈ ಬಿಟ್ಟಾರ, ಅದಕ್ಕ ಬರೀತೇನಿ. ಅಕ್ಷರ ಸೊಟ್ಟ ಹಾವ. ಸಂತಪುರ ತಗ್ಗಿನಾಗ ಬಸ್ ಹೋಗೂ ಮುಂದ ಬರದೀನಿ ಅಂತ ತಿಳಕೊ.

ಹೌದು, ಐಸಿಯು. ಅದು ಆಟೊ ಅಲ್ಲ. ನಿಮ್ಮವ್ವಗ ಸುಳ್ಳು ಹೇಳಾಕ ಬರಂಗಿಲ್ಲ. ಇಷ್ಟ ವರ್ಷದಾಗ ನಾ ಕಲಿಸಲಿಲ್ಲ, ನಂದೇ ತಪ್ಪು.

ಇಲ್ಲಿ ಒಬ್ಬ ಡಾಕ್ಟರ್ ಹಾನ, ಮುಬಶ್ಶೀರ ಅಂತ. ಸಣ್ಣ ಹುಡುಗ. ನಮ್ಮ ಬೀದರದವನೇ. ಬಹಳ ನಗ್ತಾನ. ಬಸ್ ಹತ್ತಿದ ಕೂಡ್ಲೆ ಕಂಡಕ್ಟರಗ ನಕ್ಕು ಮಾತಾಡ್ಸೋ ಪ್ಯಾಸೆಂಜರ್ ಟಿಕೆಟ್ ತಗೊಂಡಿರಂಗಿಲ್ಲ, ಇದು ನನ್ನ ಅನುಭವ. ಅವನ ಮ್ಯಾಲ ಒಂದು ಕಣ್ಣು ಇಟ್ಟೀನಿ.

ಮೊನ್ನಿ ಮೂಗಿನಾಗ ಪೈಪ್ ಬಿಟ್ಟು ಎದ್ಯಾಗಿನ ಫೇಫಡಾ ತೊಳದು ಆ ನೀರು ತಪಾಸಕ್ಕ ಕಳಸಿದ್ರು. ನೀರಿನಾಗ ಏನೂ ಸಿಗಲಿಲ್ಲಂತ. ನಿಮ್ಮವ್ವ ಸಕ್ಕರಿ ಹಂಚಬೇಕು ಅಂದ್ಲು. ಆದ್ರ ಡಾಕ್ಟರನ ನಗಿ ಅವತ್ತೇ ಬಂದ್ ಆತು. ಏನೂ ಸಿಗಲಿಲ್ಲ ಅಂದ್ರ ಖುಷಿ ಆಗಬೇಕಿತ್ತಲ್ಲ? ಇದರಾಗ ಏನೋ ಅದ.

ಪರೀಕ್ಷಾ ಬಿಟ್ಟು ಬಂದಿ ಅಂದ್ರ ನಿನ್ನ ಮಾರಿ ನೋಡಂಗಿಲ್ಲ.

ನಿನ್ನ ಪಪ್ಪಾ,
ಉತ್ತಮ


ದವಾಖಾನಿ, ಬೀದರ
೨೦ ಜನವರಿ

ಬೇಟಾ,

ಇದರ ಸಂಗಟ ಒಂದು ಫಾರಂ ಕಳಸೀನಿ. ಎಲ್ಲಾ ಇಂಗ್ಲಿಷ್. ಎದಿ ಬಾಜೂಕ ಪಕ್ಕಡಿ ಕೊಯ್ದು ಫೇಫಡಾದ ತುಕಡಾ ತಗೀತಾರಂತ. ಬಯಾಪ್ಸಿ. ಅದಕ್ಕ ನನ್ನ ಸಹಿ ಬೇಕು.

ಡಾಕ್ಟರ್, "ನಾನೇ ಓದಿ ಹೇಳ್ತೇನ್ರಿ ಅಂಕಲ್" ಅಂದ. ನಾ ಚೀಟಿ ಮ್ಯಾಲ ಬರದು ತೋರಸಿದೆ: ಸಹಿ ಬೇಡೋ ಮನಶ್ಯಾನೇ ಓದಿ ಹೇಳಿದ್ರ ಅದು ಓದಿದಂಗಲ್ಲ. ನಮ್ಮ ಮನ್ಯಾಗ ಓದೋರು ಬ್ಯಾರೆ ಹಾರ.

"ಎಲ್ಲಿ ಹಾರ?" ಅಂದ.

ಔರಾದದಾಗ, ಅಂತ ಬರದೆ.

"ಫೋಟೊ ಹೊಡದು ಕಳಸ್ರಿ ಮತ್ತ."

ಹಾಸ್ಟೆಲದಾಗ ಫೋನಿಲ್ಲ. ಇದ್ರೂ ಫೋಟೊಕ್ಕ ಹಿಂಬದಿ ಇರಂಗಿಲ್ಲ, ಅಂತ ಬರದೆ.

ತಲಿ ಹಿಡಕೊಂಡ. "ಯಾ ಅಲ್ಲಾ! ಫೇಫಡಾ ಬೀದರದಾಗ, ಕಾಗದ ಔರಾದಕ್ಕ!" ಅಂದ. ಸಿಸ್ಟರ್ ನಕ್ಕಳು. ನಾನೂ ನಕ್ಕೆ. ಮಶೀನ್ ಕೂಗಾಕ ಹತ್ತಿತು, ಎಲ್ಲಾರೂ ಓಡಿ ಬಂದ್ರು.

ನಮ್ಮವ್ವ, ನಿಮ್ಮ ಆಯಿ, ಹಲಬರ್ಗಾದಿಂದ ಬಂದಿದ್ಲು. "ಕುತ್ತಿಗಿ ಗಂಟ ಕೊಯ್ದಿದ್ದಕ್ಕೇ ಗಾಳಿ ತಾಕಿ ಎದಿಗಿ ಇಳಿತು. ಈಗ ಎದೀನೇ ಕೊಯ್ತಾರಂತ" ಅಂತ ಒಂದೇ ಸವನೆ ಅಳ್ತಾಳ.

ಎರಡೂ ಬದಿ ಓದು. ಲಗೂ ಆಗಬೇಕು ಅಂತಾನ ಡಾಕ್ಟರ್. ಯಾಕ ಲಗೂ ಅನ್ನೂದೂ ಅದರಾಗ ಇದ್ರ ನೋಡು. ನಾಳಿ ಮುಂಜಾನಿ ಗೋರಖನಾಥನ ಕೈಯಾಗ ವಾಪಸ್ ಕೊಡು.

ನೀ ಮಾಡು ಅಂದ್ರ ಮಾಡ್ತೇನಿ. ಬ್ಯಾಡ ಅಂದ್ರ ಇಲ್ಲ.

ಪಪ್ಪಾ


ಔರಾದ
೨೧ ಜನವರಿ

ಪಪ್ಪಾ, ಜೈ ಭೀಮ್.

ಫಾರಂ ಮುಟ್ಟಿತು. ಇಂಗ್ಲಿಷ್ ಬಹಳ ಕಠಿಣ ಇದೆ. ನಾನು ಎಂಟನೇ ತರಗತಿಯವರೆಗೆ ಓದಿದ ಸಾಲಿಯಲ್ಲಿ ಇಂಗ್ಲಿಷ್ ಪಾಠವನ್ನೂ ಕನ್ನಡದಲ್ಲೇ ಹೇಳುತ್ತಿದ್ದರು, ನಿಮಗೆ ಗೊತ್ತು. ಇಲ್ಲಿ ಕಾಲೇಜಿನಲ್ಲಿ ಇಂಗ್ಲಿಷ್ ಹೇಳುವ ನಂದಕುಮಾರ ಸರ್‌ಗೆ ತೋರಿಸಿದರೆ ಓದಿ ಬಿಡಿಸಿ ಹೇಳುತ್ತಾರೆ. ಆದರೆ ಅವರು ಇವತ್ತು ನಾಳೆ ಎರಡು ದಿನ ರಜೆ. ಬಂದ ಕೂಡಲೇ ತೋರಿಸಿ ಕಳಿಸುತ್ತೇನೆ. ಫಾರಂ ಟ್ರಂಕಿನಲ್ಲಿ ಜೋಪಾನವಾಗಿ ಇದೆ.

ಆಯಿ ಹೇಳಿದ್ದು ಖರೇ ಇರಬಹುದೇ ಪಪ್ಪಾ? ಕುತ್ತಿಗೆಯ ಗಂಟಿಗೆ ಸಹಿ ಮಾಡಿರಿ ಅಂತ ನಾನೇ ಹೇಳಿದ್ದೆ.

ವಿಶಾಖಾ


ಔರಾದ
೨೨ ಜನವರಿ

ಡಾಕ್ಟರ್ ಮುಬಶ್ಶೀರ ಸರ್ ಅವರಿಗೆ ನಮಸ್ಕಾರಗಳು.

ನಾನು ಐಸಿಯುದಲ್ಲಿ ಇರುವ ಕಂಡಕ್ಟರ್ ಉತ್ತಮ ಅವರ ಮಗಳು, ಬಿಎಸ್‌ಸಿ ಮೊದಲ ವರ್ಷ. ಈ ಪತ್ರವನ್ನು ಗೋರಖನಾಥ ಕಾಕಾ ನಿಮ್ಮ ಕೈಯಲ್ಲೇ ಕೊಡುತ್ತಾರೆ. ಪಪ್ಪಾಗೆ ತೋರಿಸಬೇಡಿರಿ. ದಯವಿಟ್ಟು ಕನ್ನಡದಲ್ಲಿ ಉತ್ತರ ಬರೆಯಿರಿ.

ನಿಮ್ಮ ಫಾರಂನ ಮುಂಬದಿಯಲ್ಲಿ ದೊಡ್ಡ ಅಕ್ಷರ ಇದೆ, ಹಿಂಬದಿಯಲ್ಲಿ ಇರುವೆಯಂಥ ಅಕ್ಷರ. ಡಿಕ್ಷನರಿ ಇಟ್ಟುಕೊಂಡು ಓದಿದೆ. ಹಿಂಬದಿಯ ಒಂಬತ್ತನೇ ಸಾಲಿನಲ್ಲಿ, ತೆಗೆದ ತುಣುಕನ್ನು ಕಲಿಸುವುದಕ್ಕೆ ಮತ್ತು ಸಂಶೋಧನೆಗೆ ಇಟ್ಟುಕೊಳ್ಳಬಹುದು ಅಂತ ಇದೆ. ಇದನ್ನು ನೀವು ಪಪ್ಪಾಗೆ ಹೇಳಿದ್ದೀರಾ? ನೀವೂ ಇನ್ನೂ ಓದುತ್ತಿದ್ದೀರಿ ಅಂತ ನಮ್ಮ ರೂಮಿನ ಹುಡುಗಿಯ ಅಣ್ಣ ಭಾನುವಾರ ಫೋನಿನಲ್ಲಿ ಹೇಳಿದ. ಅವನು ಅದೇ ದವಾಖಾನೆಯ ಲ್ಯಾಬಿನಲ್ಲಿ ಇದ್ದಾನೆ. ನೀವು ಇಂಥದ್ದರ ಮೇಲೇ ಪುಸ್ತಕ ಬರೆಯುತ್ತಿದ್ದೀರಂತೆ. ಹಾಗಾದರೆ ತುಣುಕು ಯಾರಿಗೆ ಬೇಕಾಗಿದೆ ಸರ್, ಪಪ್ಪಾಗೋ ನಿಮಗೋ? ಲಗೂ ಲಗೂ ಅನ್ನುತ್ತಿರುವುದು ಅವರ ಉಸಿರಿಗೋ ನಿಮ್ಮ ಪುಸ್ತಕಕ್ಕೋ?

ನಾನು ಸಿಟ್ಟಿನಿಂದ ಬರೆಯುತ್ತಿಲ್ಲ. ನಮ್ಮ ಮನೆಯಲ್ಲಿ ಯಾವ ಕಾಗದ ಬಂದರೂ ಮೊದಲು ತಿರುವಿ ನೋಡುತ್ತೇವೆ. ಲಗ್ನಪತ್ರಿಕೆಯನ್ನೂ ತಿರುವುತ್ತೇವೆ. ಯಾಕೆ ಅಂದರೆ, ಐವತ್ತು ವರ್ಷದ ಹಿಂದೆ ಹಲಬರ್ಗಾಕ್ಕೆ ಒಂದು ಜೀಪು ಬಂದಿತ್ತು. ರಸ್ತೆ ಕೆಲಸಕ್ಕೆ ಹೆಸರು ಬರೆಸಿರಿ ಅಂದರಂತೆ. ಕಾಗದದ ಮುಂಬದಿಯಲ್ಲಿ ಹೆಸರು, ಊರು, ಕೆಲಸ. ನಮ್ಮ ಅಜ್ಜ ಮಾಣಿಕ ಹೆಬ್ಬೆಟ್ಟು ಒತ್ತಿದರು. ಹಿಂಬದಿಯಲ್ಲಿ ಮಕ್ಕಳಾಗದಂತೆ ಮಾಡುವ ಆಪರೇಷನ್ನಿಗೆ ಒಪ್ಪಿಗೆ ಇತ್ತು. ಸಂಜೆ ಜೀಪು ತಿರುಗಿ ತಂದು ಬಿಟ್ಟಾಗ ಅಜ್ಜ ನಡೆಯಲಾರದೆ ಬೇವಿನ ಗಿಡದ ಕೆಳಗೆ ಕೂತರಂತೆ. ಆಗ ಪಪ್ಪಾಗೆ ಒಂದು ವರ್ಷ. ಆಮೇಲೆ ಆ ಮನೆಯಲ್ಲಿ ಯಾರೂ ಹುಟ್ಟಲಿಲ್ಲ. ನನಗೆ ಖರೇ ಕಾಕಾ ಯಾರೂ ಇಲ್ಲ ಸರ್, ಅದಕ್ಕೇ ಗೋರಖನಾಥ ಅವರನ್ನು ಕಾಕಾ ಅನ್ನುತ್ತೇನೆ. ಆ ಕಾಗದ ಓದಲು ಬರದಿದ್ದಕ್ಕೇ ಅಜ್ಜ ಪಪ್ಪಾನನ್ನು ಸಾಲಿಗೆ ಹಾಕಿದರು. ಪಪ್ಪಾ ನನ್ನನ್ನು ಹಾಸ್ಟೆಲಿಗೆ ಹಾಕಿದ್ದೂ ಅದಕ್ಕೇ.

ಕುತ್ತಿಗೆಯ ತುಣುಕು ತೆಗೆದದ್ದಕ್ಕೇ ರೋಗ ಹಬ್ಬಿತು ಅಂತ ಆಯಿ ಅನ್ನುತ್ತಾಳೆ. ಅದು ಹೌದೋ ಅಲ್ಲವೋ, ಅದನ್ನೂ ಬರೆಯಿರಿ.

ಇಂತಿ,
ವಿಶಾಖಾ ಉತ್ತಮ


ಬೀದರ
೨೨ ಜನವರಿ, ಸಂಜೆ

ವಿಶಾಖಾ ಅವರೇ,

ನನ್ನ ಕನ್ನಡ ಹತ್ತನೇ ತರಗತಿಯದು, ತಪ್ಪಿದ್ದರೆ ಮಾಫ್ ಮಾಡಿ. ನಿಮ್ಮ ಪತ್ರ ತಂದ ಕಂಡಕ್ಟರ್ ಸಾಹೇಬರು ಕೊನೆಯ ಬಸ್ಸಿಗೆ ಕಾಯುತ್ತಿದ್ದಾರೆ, ನೇರವಾಗಿ ಬರೆಯುತ್ತೇನೆ.

ಹೌದು, ನಾನು ಇನ್ನೂ ಕಲಿಯುವವನು, ಎಂಡಿ ಎರಡನೇ ವರ್ಷ. ಮೇಲೆ ದೊಡ್ಡ ಡಾಕ್ಟರ್ ಇದ್ದಾರೆ, ಕೊಯ್ಯುವವರು ಸರ್ಜನ್. ಹೌದು, ನನ್ನ ಪ್ರಬಂಧ ಇದೇ ವಿಷಯದ್ದು: ಕ್ಯಾನ್ಸರ್ ಇದ್ದು ಉಸಿರಾಟ ಕೈಕೊಟ್ಟವರು. ಒಂಬತ್ತನೇ ಸಾಲನ್ನು ನಾನು ನಿಮ್ಮ ತಂದೆಗೆ ಹೇಳಲಿಲ್ಲ. ಯಾರಿಗೂ ಹೇಳಿರಲಿಲ್ಲ. ನಾನೇ ಅದನ್ನು ಪೂರ್ತಿ ಓದಿದ್ದು ಇವತ್ತು, ನಿಮ್ಮ ಪತ್ರ ಬಂದ ಮೇಲೆ. ನಾಚಿಕೆಯಾಯಿತು.

ತುಣುಕು ಯಾಕೆ ಬೇಕು ಎಂದು ಕೇಳಿದ್ದೀರಿ. ನಿಮ್ಮ ತಂದೆಯ ಎರಡೂ ಶ್ವಾಸಕೋಶ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತಿವೆ. ಸೋಂಕಾದರೂ ಹೀಗೇ ಕಾಣುತ್ತದೆ. ಕ್ಯಾನ್ಸರ್ ಅಲ್ಲಿಗೆ ಇಳಿದಿದ್ದರೂ ಹೀಗೇ. ಹೈದರಾಬಾದಿನಲ್ಲಿ ಕೊಟ್ಟ ಔಷಧಿಗಳಲ್ಲಿ ಒಂದು ಕೆಲವರ ಶ್ವಾಸಕೋಶವನ್ನೇ ಸುಡುತ್ತದೆ, ಅದಾದರೂ ಹೀಗೇ. ಸುಟ್ಟಿದ್ದಕ್ಕೆ ಒಂದು ಔಷಧಿ ಇದೆ, ದೊಡ್ಡ ಪ್ರಮಾಣದಲ್ಲಿ ಕೊಡಬೇಕು. ಆದರೆ ಒಳಗೆ ಸೋಂಕು ಇದ್ದು ಅದನ್ನು ಕೊಟ್ಟರೆ ನಾವೇ ಅವರನ್ನು ಕೊಂದಂತೆ. ತೊಳೆದ ನೀರಿನಲ್ಲಿ ಏನೂ ಸಿಗಲಿಲ್ಲ. ಅದಕ್ಕೇ ತುಣುಕು.

ಅಪಾಯವನ್ನೂ ಬರೆಯುತ್ತೇನೆ. ಬಾಯಿಯಿಂದ ಪೈಪ್ ಹಾಕಿ, ಮಲಗಿಸಿ, ಮಶೀನಿನ ಉಸಿರಿನ ಮೇಲೆ ಇಟ್ಟು ಕೊಯ್ಯಬೇಕು. ರಕ್ತ ಸೋರಬಹುದು. ಗಾಳಿ ಸೋರಬಹುದು. ಕೆಲವರು ಆ ಮಶೀನಿನಿಂದ ಹೊರಗೆ ಬರುವುದಿಲ್ಲ. ಬಹಳ ಜನರಲ್ಲಿ ಕಾರಣ ಸಿಗುತ್ತದೆ. ಕಾರಣ ಸಿಕ್ಕವರಲ್ಲೆಲ್ಲ ಔಷಧಿ ಬದಲಾಗುವುದಿಲ್ಲ. ಬದಲಾದವರೆಲ್ಲ ಬದುಕುವುದಿಲ್ಲ. ಇದಕ್ಕಿಂತ ಒಳ್ಳೆಯ ಮಾತು ನನ್ನ ಹತ್ತಿರ ಇಲ್ಲ.

ಲಗೂ ಯಾಕೆ ಎಂದರೆ, ಮೊನ್ನೆ ಅವರಿಗೆ ಬೇಕಾಗುತ್ತಿದ್ದ ಆಕ್ಸಿಜನ್‌ಗಿಂತ ಇವತ್ತು ಹೆಚ್ಚು ಬೇಕಾಗುತ್ತಿದೆ. ಇನ್ನೂ ಹೆಚ್ಚಾದರೆ ಸರ್ಜನ್ ಮುಟ್ಟುವುದಿಲ್ಲ.

ಅಜ್ಜಿಗೆ ಹೇಳಿ: ಕುತ್ತಿಗೆಯ ತುಣುಕಿನಿಂದ ರೋಗ ಹಬ್ಬಲಿಲ್ಲ. ಯಾವ ಔಷಧಿ ಕೊಡಬೇಕು ಎಂದು ತಿಳಿದದ್ದು ಅದರಿಂದಲೇ. ಆ ಔಷಧಿಯ ಮೇಲೇ ಈಗ ಅನುಮಾನ ಇದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಒಂಬತ್ತನೇ ಸಾಲು ಬೇಡವಾದರೆ ಪೆನ್ನಿನಿಂದ ಹೊಡೆದು ಹಾಕಿ, ಪಕ್ಕದಲ್ಲಿ ನಿಮ್ಮ ತಂದೆ ಚಿಕ್ಕ ಸಹಿ ಮಾಡಲಿ. ಬಯಾಪ್ಸಿಗೆ ಅದರಿಂದ ಏನೂ ಅಡ್ಡಿಯಿಲ್ಲ.

ಮುಬಶ್ಶೀರ


ಔರಾದ
೨೩ ಜನವರಿ, ಮುಂಜಾನೆ

ಪಪ್ಪಾ, ಜೈ ಭೀಮ್.

ಫಾರಂ ವಾಪಸ್ ಕಳಿಸುತ್ತಿದ್ದೇನೆ. ಎರಡೂ ಬದಿ ಸಾಲು ಸಾಲಾಗಿ ಕನ್ನಡದಲ್ಲಿ ಬರೆದು ಪಿನ್ ಹಚ್ಚಿದ್ದೇನೆ. ಡಾಕ್ಟರ್ ನನಗೆ ಬರೆದ ಪತ್ರವೂ ಜೊತೆಗಿದೆ. ಅವರಿಗೆ ನಾನೇ ಬರೆದು ಕೇಳಿದ್ದೆ. ಮೊದಲು ಅದನ್ನು ಓದಿರಿ. ಅವ್ವನಿಗೂ ಓದಿ ಹೇಳಿಸಿರಿ. ಆಯಿಗೆ ಎಷ್ಟು ಹೇಳಬೇಕು ಅನ್ನುವುದನ್ನು ಅವ್ವ ನೋಡಿಕೊಳ್ಳಲಿ.

ಹಿಂಬದಿಯ ಒಂಬತ್ತನೇ ಸಾಲನ್ನು ನಾನು ಹೊಡೆದು ಹಾಕಿದ್ದೇನೆ. ಛಾಪಿಸಿದ ಕಾಗದದ ಸಾಲನ್ನು ಪೆನ್ನಿನಿಂದ ಹೊಡೆಯಬಹುದು ಅಂತ ನಿಮಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ಗೆರೆ ಎಳೆಯುವಾಗ ಯಾರೋ ಬೈಯುತ್ತಾರೆ ಅಂತ ಹಿಂದೆ ತಿರುಗಿ ನೋಡಿದೆ.

ನೀ ಹೇಳು ಅಂದಿದ್ದೀರಿ. ಇಷ್ಟು ದೊಡ್ಡ ಮಾತು ನನ್ನ ತಲೆಯ ಮೇಲೆ ಯಾಕೆ ಹಾಕಿದಿರಿ ಪಪ್ಪಾ? ಡಾಕ್ಟರ್ ಮೇಲೆ ನನಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಆದರೆ ತನ್ನ ಮೇಲೆ ಅನುಮಾನ ಬರುವಂಥ ಮಾತುಗಳನ್ನೂ ಅವರೇ ಬರೆದುಕೊಟ್ಟಿದ್ದಾರೆ. ಜೀಪಿನವರು ಅಜ್ಜನಿಗೆ ಹಾಗೆ ಬರೆದುಕೊಟ್ಟಿರಲಿಲ್ಲ.

ಮಾಡಿಸಿಕೊಳ್ಳಿರಿ.

ವಿಶಾಖಾ


ಬೀದರ ಬಸ್ ನಿಲ್ದಾಣ
೨೪ ಜನವರಿ

ವಿಶಾಖಾ ಬಾಯಿಗೆ ಗೋರಖನಾಥ ಕಾಕಾನ ಆಶೀರ್ವಾದ.

ನನಗ ಬರ್ಯಾಕ ರೂಢಿಲ್ಲವ್ವ. ಆಪರೇಷನ್ ಮುಗದದ. ಎರಡ ತಾಸ ತಗೊಂಡ್ರು. ಬಾಯಾಗ ಪೈಪ್ ಅದ, ಪಕ್ಕಡ್ಯಾಗ ಒಂದ ನಳಗಿ ಅದ, ಕಣ್ಣ ಮುಚ್ಯಾನ. ಎಚ್ಚರ ಇಲ್ಲ ಅಂದ್ರ ಹೆದರಬ್ಯಾಡ, ಅವರೇ ಮಲಗಿಸ್ಯಾರಂತ. ನಿಮ್ಮವ್ವ ನಿನ್ನಿ ನೌಬಾದದ ಮನೀಗಿ ಹೋಗಿ ಸ್ನಾನ ಮಾಡಿ ಬಂದ್ಲು. ಊಟ ಮಾಡ್ಯಾಳ. ಇದು ಖರೇ. ಡಬ್ಬಿ ನಮ್ಮ ಮನೀದೇ.

ಒಳಗ ಹೋಗೂ ಮುಂದ ಉತ್ತಮ ಫಾರಂ ಮ್ಯಾಲ ಬಹಳ ಹೊತ್ತ ಏನೋ ಬರಕೋತ ಕೂತಿದ್ದ. 'ಏನ ಬರದಿಯೋ' ಅಂದ್ರ, 'ಪ್ಯಾಸೆಂಜರ್ ಇಣುಕಬಾರದು' ಅಂತ ಚೀಟಿ ಬರದು ತೋರಸಿದ.

ಗೋರಖನಾಥ


ಔರಾದ
೨೭ ಜನವರಿ

ಪಪ್ಪಾ, ಜೈ ಭೀಮ್.

ನಿನ್ನೆ ಝಂಡಾ ವಂದನೆ ಮುಗಿದ ಮೇಲೆ ವಾರ್ಡನ್ ಮೇಡಂ ಬಿಟ್ಟರು. ಬೀದರಕ್ಕೆ ಬಂದು ನಿಮ್ಮನ್ನು ಐಸಿಯು ಬಾಗಿಲಿನ ಕಾಜಿನ ಹಿಂದಿನಿಂದ ನೋಡಿದೆ. ಪರೀಕ್ಷೆ ಬಿಟ್ಟು ಬಂದಿಲ್ಲ, ನಿನ್ನೆ ರಜೆ ಇತ್ತು. ಸಿಟ್ಟು ಮಾಡಬೇಡಿರಿ. ನಿಮ್ಮ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಒಂದು ಸಲವೂ ಹೆಚ್ಚುಕಮ್ಮಿ ಇಲ್ಲ. ನೀವು ಎಂದೂ ಹಾಗೆ ಉಸಿರಾಡಿದವರಲ್ಲ. ಅದಕ್ಕೇ ಹೆದರಿದೆ.

ಅವ್ವ ಕಾಜಿಗೆ ಹಣೆ ಹಚ್ಚಿ ನಿಂತಿದ್ದಳು. "ನೀ ಮಾಡು ಅಂದಿ, ಮಾಡಿಸಿಕೊಂಡ್ರು" ಅಂದಳು. ಬೈದಳೋ, ಸುಮ್ಮನೆ ಹೇಳಿದಳೋ ತಿಳಿಯಲಿಲ್ಲ. ಆಯಿ ನನ್ನ ಜೊತೆ ಮಾತಾಡಲಿಲ್ಲ. ಹೊರಡುವಾಗ ಮಾತ್ರ ತನ್ನ ಶಾಲು ತೆಗೆದು ನನ್ನ ಹೆಗಲಿಗೆ ಹಾಕಿದಳು. "ಔರಾದದಾಗ ಥಂಡಿ ಭಾಳ" ಅಂತ ಗೋಡೆಗೆ ಹೇಳಿದಳು.

ಡಾಕ್ಟರ್ ಮುಬಶ್ಶೀರ ಕಂಡರು. ಅವರು ನಗಲೂ ಇಲ್ಲ, ಅಳಲೂ ಇಲ್ಲ. "ಸ್ಲೈಡ್ ನಾಳೆ ಬರ್ತದ" ಅಂದರು. ಕಾಗದ ಎರಡು ದಿನ ಯಾಕೆ ತಡವಾಯಿತು ಅಂತ ಕೇಳುತ್ತಾರೆ ಅಂತ ಕಾದೆ, ಅವರು ಕೇಳಲಿಲ್ಲ.

ಇವತ್ತು ಝೂವಾಲಜಿ ಪ್ರಾಕ್ಟಿಕಲ್ ಇತ್ತು. ಮೈಕ್ರೋಸ್ಕೋಪಿನಲ್ಲಿ ಒಂದು ಸ್ಲೈಡ್ ಇಟ್ಟು ಏನಿದು ಗುರುತಿಸಿ ಅಂದರು. ಶ್ವಾಸಕೋಶ. ತೆಳ್ಳನೆಯ ಜಾಳಿಗೆ, ನಡುನಡುವೆ ಖಾಲಿ ಖಾಲಿ ಕೋಣೆಗಳು. ಇದು ಯಾರದು ಮೇಡಂ ಅಂದೆ. "ಯಾರದು ಅಂದ್ರ? ಇಲಿದೋ ಮೊಲದ್ದೋ ಇರ್ಬೇಕು. ಉತ್ತರ ಬರಿ" ಅಂದರು. ಬರೆದೆ. ಚಿತ್ರ ಸೊಟ್ಟ ಬಂತು.

ನಿಮಗೆ ಈಗ ಈ ಪತ್ರ ಓದಲು ಬರುವುದಿಲ್ಲ. ದಿಂಬಿನ ಕೆಳಗೆ ಇಡು ಅಂತ ಅವ್ವನಿಗೆ ಹೇಳಿದ್ದೇನೆ. ಇನ್ನೊಂದು ಮಾತು ಬರೆಯಬೇಕು ಅಂತ ಕೂತಿದ್ದೆ. ನೀವು ಕಣ್ಣು ತೆರೆದ ಮೇಲೆ ಬರೆಯುತ್ತೇನೆ.

ವಿಶಾಖಾ


ಹಲಬರ್ಗಾ
೨೩ ಫೆಬ್ರುವರಿ

ಬೇಟಾ ವಿಶಾಖಾ, ಜೈ ಭೀಮ್.

ಈಗ ಬಾಯಿ ಬಿಟ್ಟಾರ, ಮಾತಾಡಾಕ ಬರ್ತದ. ನಿನ್ನ ಫೋನೂ ನಿನ್ನ ಕೈಯಾಗ ಅದ. ಆದ್ರೂ ಬರೀತೇನಿ. ಯಾಕಂದ್ರ ಪರೀಕ್ಷಾ ಮುಗಿಸಿ ಬಂದು ಎಂಟ ದಿನ ನನ್ನ ಬಾಜೂಕ ಕೂತಿ. ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾರಿ ನೋಡಿದ್ರ ಕೆಲವು ಮಾತು ಹೊರಗ ಬರಂಗಿಲ್ಲ.

ಮೊದಲ ನನ್ನ ಹಾಲತ್ತು. ಆ ತುಕಡಾ ಸೋಂಕಲ್ಲ, ಕ್ಯಾನ್ಸರೂ ಅಲ್ಲ ಅಂತ ಹೇಳ್ತು. ಹೈದರಾಬಾದಿನ ಔಷಧೀನೇ ಫೇಫಡಾ ಸುಟ್ಟಿತ್ತು. ಗುಳಿಗಿ ಕೊಟ್ಟಾರ. ಮಾರಿ ಉಬ್ಬಿ ಕುಂಬಳಕಾಯಿ ಆಗ್ಯದ. ಆಯಿ, "ಮಗ ಮೈ ಹಿಡದಾನ" ಅಂತ ಓಣಿ ಮಂದೀನ್ನ ಕರದು ತೋರಸ್ತಾಳ. ಹಾಸಿಗಿ ಬಾಜೂಕ ಆಕ್ಸಿಜನ್ ಮಶೀನ್ ಅದ, ದಿನಾ ಎಂಟ ತಾಸ ಹಚ್ಚಬೇಕು. ಇನ್ನ ಹ್ಯಾಂಗ ನಡೀತದೋ ಡಾಕ್ಟರಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗಂಟ ತಿರುಗಿ ಬಂದ್ರ ಬ್ಯಾರೆ ಔಷಧಿ ಅಂತ.

ನೀ ಹೊಡದು ಹಾಕಿದ ಒಂಬತ್ತನೇ ಸಾಲ ನೋಡಿದೆ. ಗೆರಿ ಎಷ್ಟ ಜೋರ ಎಳದಿದ್ದಿ ಅಂದ್ರ ಕಾಗದ ಹರದು ಮುಂಬದಿ ಕಾಣತಿತ್ತು. ಅದರ ಕೆಳಗ ನಾ ಮತ್ತ ಬರದೆ: ತುಕಡಾ ಇಟ್ಟಗೋರಿ. ಹುಡುಗರಿಗಿ ತೋರಸ್ರಿ. ಆದ್ರ ಅದರಿಂದ ಏನ ಕಲತ್ರಿ ಅಂತ ನನ್ನ ಮಗಳಿಗಿ ಕನ್ನಡದಾಗ ಬರದು ತಿಳಸಬೇಕು. ನಿಮ್ಮ ಅಜ್ಜನ ಮೈಯಾಗಿಂದು ಕೇಳಲಾರದ ತಗೊಂಡಿದ್ರು. ನನಗ ಕೇಳಿದ್ರು, ಕೊಟ್ಟೆ. ಡಾಕ್ಟರ್ ಓದಿ, "ಇಂಥಾ ಫಾರಂ ನಮ್ಮ ಕಡಿ ಇನ್ನೊಂದಿಲ್ರಿ ಅಂಕಲ್" ಅಂದ. ಹತ್ತ ಹನ್ನೆರಡ ದಿನದಾಗ ಮೊದಲನೇ ಸಲ ನಕ್ಕ. ಆ ನಗಿ ನಂಬಬಹುದು ಅನಸ್ತು.

ಈಗ ಇನ್ನೊಂದು ಮಾತು.

ನಿಮ್ಮ ನಂದಕುಮಾರ ಸರ್ ಬೀದರದಾಗ ಇರ್ತಾರ. ದಿನಾ ಮುಂಜಾನಿ ಎಂಟರ ಬಸ್ಸಿಗಿ ಔರಾದಕ್ಕ ಬರ್ತಾರ, ಡ್ರೈವರ್ ಹಿಂದಿನ ಸೀಟು. ಆರು ವರ್ಷದಿಂದ ನಾನೇ ಅವರ ಪಾಸ್ ನೋಡೀನಿ. ಇಪ್ಪತ್ತೊಂದು, ಇಪ್ಪತ್ತೆರಡು, ಎರಡೂ ದಿನ ಗೋರಖನಾಥ ನೋಡ್ಯಾನ. ಅವ ತಾನಾಗಿ ಹೇಳಲಿಲ್ಲ, ನಾ ಚೀಟಿ ಬರದು ಕೇಳಿದೆ. ಕಂಡಕ್ಟರನ ಮಗಳು ಬಸ್ಸಿನಾಗ ಬರೋ ಮನಶ್ಯಾನ್ನ ರಜಾ ಹಾಕಸಬಾರದು ಬೇಟಾ.

ಡಾಕ್ಟರ್ ಆಮ್ಯಾಲ ಕೇಳಿದ, ಕಾಗದ ಎರಡ ದಿನ ಎಲ್ಲಿತ್ತ್ರಿ ಅಂತ. ಬಸ್ ಕೆಟ್ಟಿತ್ತು ಅಂದೆ. ನನ್ನ ರೂಟಿನ ಮ್ಯಾಲ ನಾನೇ ಹೇಳಿದ ಸುಳ್ಳು ಇದೊಂದೇ. ಗೋರಖನಾಥಗ ಹೇಳಬ್ಯಾಡ, ನಾಕ ದಿನ ಮಾತು ಬಿಡ್ತಾನ.

ಯಾಕ ಅಂತ ನಾ ಕೇಳಂಗಿಲ್ಲ.

ನಿನ್ನ ಪಪ್ಪಾ,
ಉತ್ತಮ ಮಾಣಿಕ


ಔರಾದ
೨ ಮಾರ್ಚ್ ೨೦೨೫

ಪಪ್ಪಾ ಅವರಿಗೆ ವಿಶಾಖಾಳ ಸಪ್ರೇಮ ಜೈ ಭೀಮ್.

ನಾನು ಆರಾಮ ಇದ್ದೇನೆ. ಎರಡನೇ ಸೆಮಿಸ್ಟರ್ ಪಾಠಗಳು ಶುರುವಾಗಿವೆ. ಆಯಿಯ ಶಾಲು ಈಗ ಬೇಡ, ಬಿಸಿಲು ಬಂತು. ಗೋರಖನಾಥ ಕಾಕಾರ ಡಬ್ಬಿ ತೊಳೆದು ಕಳಿಸಿದ್ದೇನೆ.

ಡಾಕ್ಟರ್ ಮುಬಶ್ಶೀರ ಅವರ ಪತ್ರ ಬಂತು, ಕನ್ನಡದಲ್ಲಿ ಒಂದು ಪುಟ. ನಿಮ್ಮ ತುಣುಕನ್ನು ಹನ್ನೊಂದು ಹುಡುಗರಿಗೆ ತೋರಿಸಿದರಂತೆ. ಎಕ್ಸ್‌ರೇ ನೋಡಿ ಹನ್ನೊಂದೂ ಜನ ಸೋಂಕು ಅಂದಿದ್ದರಂತೆ, ಅವರೂ ಮೊದಲು ಹಾಗೇ ಅಂದುಕೊಂಡಿದ್ದರಂತೆ. ಸ್ಲೈಡ್ ನೋಡಿದ ಮೇಲೆ ಎಲ್ಲರೂ ತಮ್ಮ ಉತ್ತರ ಹೊಡೆದು ಹಾಕಿದರಂತೆ. ಇನ್ನು ಮುಂದೆ ಫಾರಂನ ಎರಡೂ ಬದಿ ಓದಿ ಹೇಳದೆ ಸಹಿ ಕೇಳುವುದಿಲ್ಲ ಅಂತಲೂ ಬರೆದಿದ್ದಾರೆ. ಓದಿ ಮುಗಿಸಿ ಪತ್ರ ತಿರುವಿ ನೋಡಿದೆ. ಹಿಂಬದಿಯ ನಡುವೆ ಸಣ್ಣದಾಗಿ ಬರೆದಿದ್ದರು: ಇಲ್ಲಿ ಏನೂ ಇಲ್ಲ.

ಗುಳಿಗೆ ತಪ್ಪಿಸಬೇಡಿರಿ. ಅವ್ವನಿಗೆ, ಆಯಿಗೆ ಜೈ ಭೀಮ್.

ಈ ಕಾಗದವನ್ನೂ ತಿರುವಿರಿ.

ನಿಮ್ಮ ಮಗಳು,
ವಿಶಾಖಾ


(ಹಿಂಬದಿ)

ಪಪ್ಪಾ, ನನಗೆ ಓದಲು ಬಂದಿತ್ತು.

ಫಾರಂ ಮುಟ್ಟಿದ ದಿನವೇ, ಊಟದ ಗಂಟೆ ಹೊಡೆಯುವುದರೊಳಗೆ ಎರಡೂ ಬದಿ ತಿಳಿದಿತ್ತು. ಒಂಬತ್ತನೇ ಸಾಲು ಕೂಡ. ಇಂಗ್ಲಿಷ್ ಕಠಿಣ ಅಂದದ್ದು ಸುಳ್ಳು. ಅರ್ಧ ಇಂಗ್ಲಿಷಿನವಳು ಅಂತ ಕಾಲೇಜಿನಲ್ಲಿ ಎಲ್ಲರೂ ನಗುತ್ತಾರಲ್ಲ, ಆ ದಿನ ನಾನು ಆ ಅರ್ಧದ ಹಿಂದೆ ಅಡಗಿ ಕೂತೆ. ಕುತ್ತಿಗೆಯ ಗಂಟಿಗೆ ಮಾಡಿರಿ ಅಂದವಳು ನಾನು. ಇದಕ್ಕೂ ನಾನೇ ಮಾಡಿರಿ ಅಂದು, ನೀವು ಮಶೀನಿನಿಂದ ಹೊರಗೆ ಬರದಿದ್ದರೆ? ಕಾಗದ ಟ್ರಂಕಿನಲ್ಲಿ ಇರುವಷ್ಟು ಹೊತ್ತು ನಾನು ಹೂಂ ಅಂದಂತೆಯೂ ಅಲ್ಲ, ಬೇಡ ಅಂದಂತೆಯೂ ಅಲ್ಲ. ಬೇರೆ ಯಾರಾದರೂ ಹೇಳಿಬಿಡಲಿ ಅಂತ ಕಾದೆ. ಡಾಕ್ಟರಿಗೆ ಅಷ್ಟು ಪ್ರಶ್ನೆ ಕೇಳಿದ್ದೂ ಅರ್ಧ ಅದಕ್ಕೇ.

ಎರಡು ದಿನ ಮೊದಲೇ ಆಗಿದ್ದರೆ ಈಗ ನಿಮ್ಮ ಹಾಸಿಗೆಯ ಬಾಜೂಕೆ ಮಶೀನ್ ಇರುತ್ತಿತ್ತೋ ಇಲ್ಲವೋ ಅಂತ ಡಾಕ್ಟರಿಗೆ ಬರೆದು ಕೇಳಿದ್ದೆ. ಅವರ ಪತ್ರದಲ್ಲಿ ನನ್ನ ಬೇರೆ ಎಲ್ಲ ಪ್ರಶ್ನೆಗೂ ಉತ್ತರ ಇದೆ. ಅದಕ್ಕೆ ಮಾತ್ರ ಇಲ್ಲ.

ಬಸ್ ಕೆಟ್ಟಿರಲಿಲ್ಲ. ಮುಂದಿನ ಸಲ ಬೀದರಕ್ಕೆ ತೋರಿಸಲು ಹೋದಾಗ ಡಾಕ್ಟರಿಗೆ ಅದನ್ನು ನಾನೇ ಹೇಳುತ್ತೇನೆ, ನೀವು ಬಾಜೂಕೆ ಇರಬೇಕು.

ಈ ಬದಿಗೂ ಸಹಿ ಮಾಡುತ್ತಿದ್ದೇನೆ.

ವಿಶಾಖಾ ಉತ್ತಮ ಮಾಣಿಕ